ಕಾಲೇಜು ಪ್ರವೇಶಕ್ಕೆ ಗುರುತು-ಪರಿಚಯ ಎಷ್ಟರಮಟ್ಟಿಗೆ ಬೇಕು? ಕಾರಟಗಿಯಿಂದ ಒಂದು ಪ್ರಶ್ನೆ

ಪ್ರಶ್ನೆ: ಗಿರಣಿ ಲೆಕ್ಕಿಗ, ಕಾರಟಗಿ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕಿನ ಒಂದು ಹಳ್ಳಿಯವನು. ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ತಂಗಿ ಒಂದರಿಂದ ಹತ್ತನೆಯ ತರಗತಿಯವರೆಗೆ ನಮ್ಮೂರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿ, ಗಂಗಾವತಿಯಲ್ಲಿ ವಿಜ್ಞಾನ ವಿಷಯದಲ್ಲಿ ಪಿಯುಸಿ ಮುಗಿಸಿ, ಈ ವರ್ಷ ಸಿಇಟಿ ಪ್ರವೇಶ ಪರೀಕ್ಷೆ ಬರೆದಿದ್ದಾಳೆ. ನಮ್ಮ ಮನೆತನದಲ್ಲಿ ಪದವಿ ಕಾಲೇಜಿನ ಮೆಟ್ಟಿಲು ಹತ್ತುವವರಲ್ಲಿ ಅವಳೇ ಮೊದಲನೆಯವಳು. ಅಪ್ಪ ಏಳನೆಯ ತರಗತಿಗೆ, ನಾನು ಪಿಯುಸಿಗೆ ಓದು ಬಿಟ್ಟವರು.

ಫಲಿತಾಂಶದ ಮಾತು ಶುರುವಾದಂದಿನಿಂದ ಮನೆಗೆ ಬರುವವರೆಲ್ಲ ಒಂದೇ ಮಾತು ಕೇಳುತ್ತಿದ್ದಾರೆ: "ಅಲ್ಲಿ ನಿಮಗೆ ಯಾರದಾದರೂ ಗುರುತು ಐತೇನು?" ಗುರುತಿಲ್ಲದೆ ಒಳ್ಳೆಯ ಕಾಲೇಜು ಸಿಗುವುದಿಲ್ಲ ಎಂಬುದು ಎಲ್ಲರ ನಂಬಿಕೆ. ದೂರದ ಸಂಬಂಧಿಕರೊಬ್ಬರು ಬೆಂಗಳೂರಿನ ಒಬ್ಬ ವ್ಯಕ್ತಿಯ ಫೋನ್ ನಂಬರ್ ಕೊಟ್ಟಿದ್ದಾರೆ. ಮುಂಗಡವಾಗಿ ಸ್ವಲ್ಪ ಹಣ ಕೊಟ್ಟರೆ ಪಟ್ಟಿಯಲ್ಲಿ ಹೆಸರು ಮೇಲೆ ತರಿಸುತ್ತೇನೆಂದು ಆತ ಹೇಳುತ್ತಾನೆ. ಅಪ್ಪ ಭತ್ತ ಮಾರಿದ ದುಡ್ಡನ್ನು ಅದಕ್ಕೆಂದೇ ತೆಗೆದಿಡಲು ಸಿದ್ಧರಿದ್ದಾರೆ.

ನನಗೆ ಆ ವ್ಯಕ್ತಿಯ ಮೇಲೆ ನಂಬಿಕೆ ಇಲ್ಲ. ಆದರೆ ಪರಿಚಯವೇ ಬೇಡ ಎನ್ನುವ ಧೈರ್ಯವೂ ಇಲ್ಲ, ಏಕೆಂದರೆ ಕಳೆದ ವರ್ಷ ನಮ್ಮ ಓಣಿಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಚೆನ್ನಾಗಿ ಓದುವ ಹುಡುಗನೊಬ್ಬ ಅರ್ಜಿ ತುಂಬುವಾಗ ನಮ್ಮ ಭಾಗದವರಿಗಿರುವ 371-ಜೆ ಮೀಸಲಾತಿಯನ್ನು ಕೇಳಿರಲೇ ಇಲ್ಲ. ಅಂಥದ್ದೊಂದು ಪ್ರಮಾಣಪತ್ರ ಪಡೆಯಬೇಕೆಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ. ಅದೇ ಓಣಿಯ ಶಿಕ್ಷಕರೊಬ್ಬರ ಮಗನಿಗೆ ಆ ಪತ್ರ ಒಂದು ವರ್ಷ ಮೊದಲೇ ಕೈಯಲ್ಲಿತ್ತು. ಇಬ್ಬರ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಆದರೂ ಇಬ್ಬರೂ ಸೇರಿದ ಕಾಲೇಜುಗಳಿಗೆ ಅಜಗಜಾಂತರವಿದೆ. ಹಾಗಾದರೆ ಪರಿಚಯ ಕೆಲಸ ಮಾಡಿತು ಎಂದೇ ಹೇಳಬೇಕಲ್ಲವೇ? ಪರಿಚಯದಿಂದ ನಿಜವಾಗಿ ಏನಾಗುತ್ತದೆ, ಏನಾಗುವುದಿಲ್ಲ, ಪರಿಚಯವೇ ಇಲ್ಲದ ನಮ್ಮಂಥವರು ಅದನ್ನು ಎಲ್ಲಿಂದ ಸಂಪಾದಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಪಿಯು ಉಪನ್ಯಾಸಕ, ಬಳ್ಳಾರಿ

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನಲ್ಲಿ ಸೇರಿಕೊಂಡಿವೆ. ನಮ್ಮ ಕಡೆ ಒಂದಕ್ಕೆ ವಶೀಲಿ ಎನ್ನುತ್ತಾರೆ, ಇನ್ನೊಂದಕ್ಕೆ ಗುರುತು ಎನ್ನುತ್ತಾರೆ. ಮೊದಲನೆಯದನ್ನು ಬೇಗ ಮುಗಿಸುತ್ತೇನೆ.

ಸಿಇಟಿ ಮೂಲಕ ಹಂಚಿಕೆಯಾಗುವ ಸೀಟಿಗೆ ವಶೀಲಿ ನಡೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳು ಅರ್ಧ ಮತ್ತು ಸಿಇಟಿ ಅಂಕಗಳು ಅರ್ಧ ಸೇರುತ್ತವೆ. ಆಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಗಣಕಯಂತ್ರವು ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರು ಕೊಟ್ಟ ಆಯ್ಕೆಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ, ಅರ್ಹತೆ ಇರುವ ಮೊದಲ ಖಾಲಿ ಸೀಟನ್ನು ಕೊಡುತ್ತದೆ. ನಡುವೆ ಯಾರೊಬ್ಬರ ಕೈಯೂ ಆಡುವುದಿಲ್ಲ. 1994ರಲ್ಲಿ ಸಿಇಟಿ ಘಟಕವನ್ನು ಆರಂಭಿಸಿದ ಉದ್ದೇಶವೇ ಅದು. ಅದಕ್ಕೂ ಮೊದಲು, 1984ರಲ್ಲೇ ಕ್ಯಾಪಿಟೇಶನ್ ಶುಲ್ಕವನ್ನು, ಅಂದರೆ ಸೀಟಿಗಾಗಿ ಕೇಳುವ ಹೆಚ್ಚುವರಿ ಹಣವನ್ನು, ನಿಷೇಧಿಸುವ ಕಾಯ್ದೆಯನ್ನು ನಮ್ಮ ರಾಜ್ಯ ತಂದಿತ್ತು. 1992ರಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅಂಥ ಶುಲ್ಕ ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಹೇಳಿತು. ಪಟ್ಟಿಯಲ್ಲಿ ಹೆಸರು ಮೇಲೆ ತರಿಸುತ್ತೇನೆಂದು ಹೇಳುವವನು ಮೋಸಗಾರ. ನಿಮ್ಮ ತಂದೆಯವರ ದುಡ್ಡು ಮನೆಯಲ್ಲೇ ಇರಲಿ.

ಇನ್ನು ಗುರುತಿನ ಮಾತು. ಇದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ. ನಿಮ್ಮ ಓಣಿಯ ಶಿಕ್ಷಕರ ಮಗನಿಗೆ ಯಾರೂ ಸೀಟು ಕೊಡಿಸಲಿಲ್ಲ, ಹೊತ್ತಿಗೆ ಸರಿಯಾಗಿ ಒಂದು ಸುದ್ದಿ ತಿಳಿಸಿದರು, ಅಷ್ಟೇ. ಸಂವಿಧಾನದ 371-ಜೆ ವಿಧಿಯನ್ನು 98ನೆಯ ತಿದ್ದುಪಡಿಯ ಮೂಲಕ ಸೇರಿಸಲಾಯಿತು. ಅದರ ಅಡಿ 2013ರಲ್ಲಿ ಹೊರಟ ಪ್ರವೇಶ ಆದೇಶದ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳು ಇಲ್ಲಿಯ ಸ್ಥಳೀಯರಿಗೆ ಮೀಸಲು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಮೀಸಲು. ಅರ್ಹತಾ ಪತ್ರಕ್ಕೆ ಸಹಾಯಕ ಆಯುಕ್ತರ ಸಹಿ ಬೇಕು. ಕಾಗದಪತ್ರಗಳನ್ನು ಜೋಡಿಸಿ, ವಿಚಾರಣೆ ಮುಗಿದು ಪತ್ರ ಕೈಗೆ ಬರುವುದಕ್ಕೆ ದಿನಗಳು ಹಿಡಿಯುತ್ತವೆ. ಆದ್ದರಿಂದ ಮೊದಲೇ ಗೊತ್ತಿರುವವನು ಗೆಲ್ಲುತ್ತಾನೆ. ನಿಮ್ಮ ತಂಗಿ ಹತ್ತು ವರ್ಷ ಹಳ್ಳಿಯಲ್ಲಿ, ಅದೂ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಗ್ರಾಮೀಣ ವ್ಯಾಸಂಗಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಮೀಸಲಾತಿ ಇದೆ. ಇವನ್ನೆಲ್ಲ ಅರ್ಜಿಯಲ್ಲಿ ಕೇಳಿದ್ದಾಳೆಯೇ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ (ಪತ್ರದ ಮೇಲಿರುವ ಗುರುತಿನ ಸಂಖ್ಯೆ) ಸರಿಯಾಗಿ ದಾಖಲಾಗಿದೆಯೇ ಎಂಬುದನ್ನು ಈ ದಿನವೇ ಪರಿಶೀಲಿಸಿ. ಏನಾದರೂ ಬಿಟ್ಟುಹೋಗಿದ್ದರೆ ತಿದ್ದುಪಡಿಗೆ ಪ್ರಾಧಿಕಾರ ಅವಕಾಶ ಕೊಡುವ ದಿನಗಳನ್ನು ತಪ್ಪದೆ ಗಮನಿಸಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ಬೋಧನಾ ಶುಲ್ಕ ಮನ್ನಾ ಇರುವ ಹೆಚ್ಚುವರಿ ಎಂಜಿನಿಯರಿಂಗ್ ಸೀಟುಗಳೂ ಇವೆ. ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಎಂಬ ಆ ಮೂರಕ್ಷರದ ಅರ್ಥ ನನ್ನ ತರಗತಿಯ ಅರ್ಧದಷ್ಟು ಮಕ್ಕಳಿಗೆ ಪ್ರತಿ ವರ್ಷ ಹೊಸದಾಗಿಯೇ ಇರುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದರು. ಕೆಲಸ ಬದಲಿಸಿದವರನ್ನು ಅವರು ವಿಚಾರಿಸಿದಾಗ, ಪರಿಚಯದವರ ಮೂಲಕ ಹೊಸ ಕೆಲಸ ಕಂಡುಕೊಂಡವರಲ್ಲಿ ಹೆಚ್ಚಿನವರಿಗೆ ಅದರ ಸುದ್ದಿ ತಲುಪಿದ್ದು ಆಪ್ತರಿಂದಲ್ಲ, ಆಗೊಮ್ಮೆ ಈಗೊಮ್ಮೆ ಭೇಟಿಯಾಗುವ ದೂರದ ಪರಿಚಿತರಿಂದ ಎಂದು ಕಂಡುಬಂತು. ಕಾರಣ ಸರಳವಾಗಿದೆ. ನಿಮ್ಮ ಅಣ್ಣ-ತಮ್ಮಂದಿರಿಗೆ, ಓಣಿಯವರಿಗೆ, ಗಿರಣಿಯ ಜೊತೆಗಾರರಿಗೆ ಗೊತ್ತಿರುವುದೆಲ್ಲ ಬಹುಮಟ್ಟಿಗೆ ನಿಮಗೂ ಗೊತ್ತಿರುತ್ತದೆ. ನಿಮಗೆ ಗೊತ್ತಿಲ್ಲದ್ದು ಬೇರೊಂದು ಬಳಗದಲ್ಲಿ ಓಡಾಡುವವನ ಬಳಿ ಇರುತ್ತದೆ. ಆದ್ದರಿಂದ ನಿಮಗೆ ದೊಡ್ಡವರ ಗುರುತು ಅಗತ್ಯವಿಲ್ಲ. ನಿಮ್ಮ ತಂಗಿ ಓದಿದ ಪಿಯು ಕಾಲೇಜಿನಿಂದ ಕಳೆದ ವರ್ಷ ಮತ್ತು ಅದರ ಹಿಂದಿನ ವರ್ಷ ಹೊರಗೆ ಹೋದ ನಾಲ್ಕೈದು ವಿದ್ಯಾರ್ಥಿಗಳ ಪರಿಚಯವಾದರೆ ಸಾಕು. ಅಲ್ಲಿಯ ಉಪನ್ಯಾಸಕರನ್ನು ಕೇಳಿ, ಅವರ ಬಳಿ ಹೆಸರುಗಳು ಇರುತ್ತವೆ. ನಾವು ಉಪನ್ಯಾಸಕರು ಸಾಮಾನ್ಯವಾಗಿ ಹೇಳಲು ಸಿದ್ಧರಿರುತ್ತೇವೆ, ಕೇಳುವವರು ಕಡಿಮೆ.

ಉತ್ತರ 2: ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿ, ಮಾನ್ವಿ ತಾಲ್ಲೂಕು

ಮೇಲಿನ ಗುರುಗಳ ಮಾತನ್ನು ಒಪ್ಪುತ್ತಲೇ ನನ್ನ ಅನುಭವವನ್ನು ಸೇರಿಸುತ್ತೇನೆ. ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರು. ಮೇಲ್ಭಾಗದವರ ಗದ್ದೆ ತುಂಬಿದ ಮೇಲೆ ನಮಗೆ ನೀರು ಬರುತ್ತದೆ, ಕೆಲವು ವರ್ಷ ಬರುವುದೂ ಇಲ್ಲ. ಕಾಲೇಜಿನ ಸುದ್ದಿಯೂ ನನ್ನವರೆಗೆ ಹಾಗೆಯೇ ತಡವಾಗಿ ಬಂತು.

ಮೊದಲ ಸುತ್ತಿನಲ್ಲಿ ನನಗೆ ಆಯ್ಕೆಪಟ್ಟಿಯಲ್ಲಿ ಹದಿನಾಲ್ಕನೆಯದಾಗಿ ಕೊಟ್ಟಿದ್ದ ಕಾಲೇಜು ಸಿಕ್ಕಿತು. ಆಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕಿತ್ತು. ಸಿಕ್ಕ ಸೀಟನ್ನು ಒಪ್ಪಿ ಸೇರುವುದು ಮೊದಲನೆಯದು. ಸೀಟನ್ನು ಉಳಿಸಿಕೊಂಡು ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವ ಕಾಲೇಜುಗಳಿಗಾಗಿ ಮುಂದಿನ ಸುತ್ತಿಗೆ ಹೋಗುವುದು ಎರಡನೆಯದು. ಸಿಕ್ಕದ್ದನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು, ಪ್ರಕ್ರಿಯೆಯಿಂದಲೇ ಹೊರಬರುವುದು ನಾಲ್ಕನೆಯದು. ಈ ವ್ಯತ್ಯಾಸ ನನಗೆ ತಿಳಿದಿರಲಿಲ್ಲ. ನನ್ನ ಪರವಾಗಿ ಗುಂಡಿ ಒತ್ತಿದ ಸೈಬರ್ ಅಂಗಡಿಯವರು, "ಸೀಟು ಸಿಕ್ಕಿದೆಯಲ್ಲ, ಸೇರಿಬಿಡು" ಎಂದು ಮೊದಲನೆಯದನ್ನು ಒತ್ತಿದರು. ಅವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ, ಅವರ ಅಂಗಡಿಯ ಮುಂದೆ ನಲವತ್ತು ಜನ ನಿಂತಿದ್ದರು. ಎರಡನೆಯ ಸುತ್ತಿನಲ್ಲಿ ನನ್ನದೇ ವರ್ಗದ, ನನಗಿಂತ ಹಿಂದಿನ ರ‍್ಯಾಂಕಿನ ಸಹಪಾಠಿಗೆ ನಾನು ಮೂರನೆಯದಾಗಿ ಬರೆದಿದ್ದ ಕಾಲೇಜು ಸಿಕ್ಕಿತು. ಅವನ ಸೋದರಮಾವ ಬೆಂಗಳೂರಿನಲ್ಲಿ ಓದಿದವರು. ಆ ದಿನ ನಾನು ಊಟ ಮಾಡಲಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ವಿನಂತಿ: ಅರ್ಜಿಯಲ್ಲಿ ದಾಖಲಾಗಿರುವ ಮೊಬೈಲ್ ನಂಬರ್ ನಿಮ್ಮ ಮನೆಯದೇ ಎಂಬುದನ್ನು ನೋಡಿಕೊಳ್ಳಿ. ಎಷ್ಟೋ ಮಕ್ಕಳ ಅರ್ಜಿಯಲ್ಲಿ ಅಂಗಡಿಯವರ ನಂಬರ್ ಇರುತ್ತದೆ, ಒಟಿಪಿ ಅವರಿಗೇ ಹೋಗುತ್ತದೆ. ಪಾಸ್‌ವರ್ಡ್ ಯಾರ ಕೈಗೂ ಕೊಡಬೇಡಿ.

ಸೀನಿಯರ್‌ಗಳನ್ನು ಮಾತನಾಡಿಸುವಾಗ ಏನು ಕೇಳಬೇಕೆಂಬುದೂ ಮುಖ್ಯ. "ಕಾಲೇಜು ಹೇಗಿದೆ" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಮಾತ್ರ ಬರುತ್ತದೆ. ಹಾಸ್ಟೆಲ್ ಮೊದಲ ವರ್ಷದವರಿಗೆ ಸಿಗುತ್ತದೆಯೇ, ಕಾಯಂ ಅಧ್ಯಾಪಕರು ಎಷ್ಟು ಜನ, ಪ್ರಯೋಗಾಲಯ ಸಂಜೆ ತೆರೆದಿರುತ್ತದೆಯೇ, ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರ್ ಹೇಗೆ ದಾಟಿದರು, ಪ್ರವೇಶದ ದಿನ ಪ್ರಕಟಿತ ಶುಲ್ಕಕ್ಕಿಂತ ಹೆಚ್ಚು ಕೇಳಿದರೇ ಎಂಬಂಥ ಸಣ್ಣ, ಖಚಿತ ಪ್ರಶ್ನೆಗಳನ್ನು ಕೇಳಿ. ಹತ್ತು ವರ್ಷದ ಹಿಂದೆ ಓದಿದವರಿಗಿಂತ ಈಗ ಎರಡನೆಯ ವರ್ಷದಲ್ಲಿರುವವರು ಹೆಚ್ಚು ಉಪಯುಕ್ತ. ಒಬ್ಬರ ಮಾತನ್ನೇ ನಂಬದೆ ಮೂವರನ್ನು ಕೇಳಿ.

ಸ್ನೇಹಿತರ ಬಳಗದಿಂದ ಆಗುವ ನಷ್ಟವನ್ನೂ ಹೇಳಬೇಕು. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬನ ಆಯ್ಕೆಪಟ್ಟಿಯನ್ನು ಇಪ್ಪತ್ತು ಜನ ಹಾಗೆಯೇ ನಕಲು ಮಾಡಿದರು. ಅವನ ರ‍್ಯಾಂಕು, ವರ್ಗ, ಅಭಿರುಚಿ ಅವನವು. ಹಿಂದಿನ ವರ್ಷಗಳಲ್ಲಿ ಯಾವ ಕಾಲೇಜು ಯಾವ ರ‍್ಯಾಂಕಿಗೆ ನಿಂತಿತು ಎಂಬುದನ್ನು ಪ್ರಾಧಿಕಾರವೇ ತನ್ನ ಜಾಲತಾಣದಲ್ಲಿ ವರ್ಗವಾರು ಪ್ರಕಟಿಸುತ್ತದೆ, 371-ಜೆ ಸೀಟುಗಳದ್ದು ಪ್ರತ್ಯೇಕವಾಗಿ ಸಿಗುತ್ತದೆ. ಅದನ್ನು ಮುಂದಿಟ್ಟುಕೊಂಡು ನಿಮ್ಮ ಪಟ್ಟಿಯನ್ನು ನೀವೇ ಬರೆಯಿರಿ. ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆಯ (ಮಾಕ್ ಅಲಾಟ್‌ಮೆಂಟ್) ಫಲಿತಾಂಶ ನೋಡಿದ ಮೇಲೆ ಕ್ರಮ ಬದಲಿಸಲು ಅವಕಾಶವಿರುತ್ತದೆ.

ಉತ್ತರ 3: ವಿದ್ಯಾರ್ಥಿನಿಯರ ಹಾಸ್ಟೆಲ್ ಸ್ವಯಂಸೇವಕಿ, ರಾಯಚೂರು

ಇಲ್ಲಿಯವರೆಗೆ ಬಂದ ಸಲಹೆಗಳೆಲ್ಲ ಒಳ್ಳೆಯವೇ. ಆದರೆ "ಪರಿಚಯ ಸಂಪಾದಿಸಿ" ಎಂದು ಹೇಳಿ ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ. ಪರಿಚಯವೂ ಹೊಲದ ಹಾಗೆ, ಹಿರಿಯರಿಂದ ಬರುತ್ತದೆ. ರಾಯಚೂರು ಮತ್ತು ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಶಾಲೆ ಸಿಗುವುದೇ ಆಗ ಕಷ್ಟವಿತ್ತು. ಪಂಡಿತ ತಾರಾನಾಥರಂಥವರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಬೇಕಾಗಿ ಬಂದದ್ದು ಅಂಥ ಕಾಲದಲ್ಲಿ. ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲೂ ನಮ್ಮ ಭಾಗದ ಹಿಂದುಳಿದಿರುವಿಕೆ ದಾಖಲಾಗಿದೆ. ಎರಡು ತಲೆಮಾರು ಓದಿದ ಮನೆಯ ಮಗುವಿಗೆ ಊಟಕ್ಕೆ ಕುಳಿತಾಗಲೇ ಕಿವಿಗೆ ಬೀಳುವ ಮಾತನ್ನು ನಮ್ಮ ಮಗು ಹತ್ತು ಜನರ ಬಾಗಿಲು ತಟ್ಟಿ ಕೇಳಬೇಕು. ಜಾತಿ ಸಂಘಗಳೂ ಮಠಗಳೂ ಊರೂರಲ್ಲಿ ಹಾಸ್ಟೆಲ್ ತೆರೆದದ್ದು ಈ ಕೊರತೆ ತುಂಬಲೆಂದೇ. ಕೊಪ್ಪಳದ ಗವಿಮಠದ ಪ್ರಸಾದ ನಿಲಯದಲ್ಲಿ ಇದ್ದು ಓದಿದವರನ್ನು ವಿಚಾರಿಸಿ ನೋಡಿ, ಊಟ-ವಸತಿಯನ್ನು ನೆನೆಯುವಷ್ಟೇ ಪ್ರೀತಿಯಿಂದ ಅವರು ಅಲ್ಲಿ ಸಿಕ್ಕ ಹಿರಿಯ ವಿದ್ಯಾರ್ಥಿಗಳನ್ನು ನೆನೆಯುತ್ತಾರೆ. ಆದರೆ ಸಂಘಬಲವಿಲ್ಲದ ಸಣ್ಣ ಸಮುದಾಯದ ಮಗು ಎಲ್ಲಿಗೆ ಹೋಗಬೇಕು? 371-ಜೆ ಪತ್ರದ ಮಾತನ್ನು ಪ್ರತಿ ಸರ್ಕಾರಿ ಪಿಯು ಕಾಲೇಜು ಮೊದಲ ವರ್ಷದಲ್ಲೇ ಹೇಳಿ, ಅರ್ಜಿಯನ್ನೂ ಅಲ್ಲೇ ತುಂಬಿಸಬೇಕು. ಅದು ಅದೃಷ್ಟವಂತರ ಕಿವಿಗೆ ಮಾತ್ರ ಬೀಳುವ ಸುದ್ದಿಯಾಗಿ ಉಳಿಯಬಾರದು. ಉಪನ್ಯಾಸಕರು "ಕೇಳುವವರು ಕಡಿಮೆ" ಎಂದಿದ್ದಾರೆ. ಕೇಳಬಹುದೆಂಬುದೇ ಗೊತ್ತಿಲ್ಲದ ಮಕ್ಕಳು ಹೇಗೆ ಕೇಳಬೇಕೆಂದು ಅವರು ದಯವಿಟ್ಟು ಯೋಚಿಸಬೇಕು.

ಇನ್ನೊಂದು ಮಾತು, ಪ್ರಶ್ನೆ ಕೇಳಿದ ಅಣ್ಣನಿಗೆ. ಮನಸ್ಸಿಗೆ ನೋವಾಗುವುದಾದರೆ ಕ್ಷಮಿಸಿ. ನಮ್ಮ ಕಡೆ ಹುಡುಗಿಯರಿಗೆ ಪರಿಚಯ ಬೆಳೆಯದಿರಲು ಬಡತನವೊಂದೇ ಕಾರಣವಲ್ಲ. ಹಾಸ್ಟೆಲ್‌ಗೆ ಬರುವ ಹುಡುಗಿಯರಲ್ಲಿ ಎಷ್ಟೋ ಮಂದಿಯ ಅರ್ಜಿಯಲ್ಲಿರುವ ನಂಬರ್ ಅಣ್ಣನದು ಅಥವಾ ಅಪ್ಪನದು. ಸೀನಿಯರ್ ಹುಡುಗನೊಬ್ಬನಿಗೆ ಅವಳು ಫೋನ್ ಮಾಡಿದರೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ. ಹೀಗಾಗಿ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ, ಕ್ರಿಕೆಟ್ ಬಯಲಿನಲ್ಲಿ ತಾನಾಗಿಯೇ ತಿಳಿದುಕೊಳ್ಳುವ ಸಂಗತಿ ಹುಡುಗಿಗೆ ಅಣ್ಣನ ಬಾಯಿಂದ ಸೋಸಿಕೊಂಡು ಬರುತ್ತದೆ. ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ನಿಮ್ಮ ಕಾಳಜಿ ಪ್ರತಿ ಸಾಲಿನಲ್ಲಿ ಕಾಣುತ್ತದೆ, ಆದರೆ ತಂಗಿಗೆ ಏನು ಓದಬೇಕೆಂಬ ಆಸೆ ಇದೆ ಎಂಬುದು ಒಂದು ಸಾಲಿನಲ್ಲೂ ಇಲ್ಲ. ಅವಳೇ ಇಲ್ಲಿ ಬರೆಯಲಿ. ಉತ್ತರ ಕೊಡುವವರು ಸಿಕ್ಕರೆ ಆ ಪರಿಚಯ ಅವಳದೇ ಆಗುತ್ತದೆ, ಮುಂದಿನ ನಾಲ್ಕು ವರ್ಷ ಅವಳ ಜೊತೆಗಿರುತ್ತದೆ.

ಉತ್ತರ 4: ಸಂಶೋಧನಾ ವಿದ್ಯಾರ್ಥಿ, ಊರು ಬಳ್ಳಾರಿ

ಸಿಇಟಿಯ ಆಚೆಗೂ ಪ್ರವೇಶಗಳಿವೆ ಎಂಬ ಕಾರಣಕ್ಕೆ ಚಿಕ್ಕದೊಂದು ಟಿಪ್ಪಣಿ. ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಪರೀಕ್ಷೆಯ ಜೊತೆಗೆ ಸಂದರ್ಶನವನ್ನೂ ನಡೆಸುತ್ತವೆ. ಹೊರದೇಶದ ಕಾಲೇಜುಗಳು ಅಧ್ಯಾಪಕರ ಶಿಫಾರಸು ಪತ್ರ ಕೇಳುತ್ತವೆ. ಅಮೆರಿಕದ ಕೆಲವು ಕಾಲೇಜುಗಳಲ್ಲಿ ಅಲ್ಲಿಯೇ ಓದಿದವರ ಮಕ್ಕಳಿಗೆ ಆದ್ಯತೆ ಕೊಡುವ ರೂಢಿಯೂ ಇದೆ, ಅದರ ವಿರುದ್ಧ ಅಲ್ಲಿಯೇ ದೊಡ್ಡ ವಾದ ನಡೆದಿದೆ. ಇಂಥ ಕಡೆ ಪರಿಚಯದ ಪಾತ್ರ ನಿಜವಾಗಿಯೂ ದೊಡ್ಡದು. ಆದರೂ ಶಿಫಾರಸು ಪತ್ರದ ವಿಷಯದಲ್ಲಿ ನಮ್ಮವರು ಒಂದು ತಪ್ಪು ಮಾಡುತ್ತಾರೆ. ಹೆಸರಾಂತ ವ್ಯಕ್ತಿಯ ಸಹಿ ಬೇಕೆಂದು ಅಲೆಯುತ್ತಾರೆ. ನನ್ನ ಸ್ನಾತಕೋತ್ತರ ಪ್ರವೇಶಕ್ಕೆ ಪತ್ರ ಬರೆದವರು ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕಿಯೊಬ್ಬರು. ಪ್ರಯೋಗಾಲಯದಲ್ಲಿ ನಾನು ಕೆಡಿಸಿದ ಪ್ರಯೋಗವನ್ನು ಮತ್ತೆ ಮೂರು ಸಲ ಮಾಡಿ ಸರಿಪಡಿಸಿದ್ದನ್ನು ಅವರು ಅದರಲ್ಲಿ ವಿವರಿಸಿದ್ದರು. ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು ಆ ಪ್ರಯೋಗದ ಬಗ್ಗೆಯೇ.

ಪ್ರಶ್ನೆ ಕೇಳಿದವರಿಂದ: ಗಿರಣಿ ಲೆಕ್ಕಿಗ, ಕಾರಟಗಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅಪ್ಪನಿಗೆ ಮೊದಲ ಉತ್ತರವನ್ನು ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡ ಮೇಲೆ, ಆ ವ್ಯಕ್ತಿಗೆ ದುಡ್ಡು ಕೊಡುವುದು ಬೇಡವೆಂದು ಒಪ್ಪಿದರು. ಅರ್ಜಿಯನ್ನು ತೆಗೆದು ನೋಡಿದೆವು: 371-ಜೆ, ಗ್ರಾಮೀಣ, ಕನ್ನಡ ಮಾಧ್ಯಮ ಮೂರನ್ನೂ ಕೇಳಿದ್ದಾಳೆ. ಅವಳ ಪಿಯು ಉಪನ್ಯಾಸಕರೊಬ್ಬರು ಮೊದಲೇ ಹೇಳಿದ್ದರಂತೆ, ಪತ್ರವೂ ಬಂದಿದೆ. ನನಗೇ ಅದು ಗೊತ್ತಿರಲಿಲ್ಲ. ಮೊಬೈಲ್ ನಂಬರ್ ಮಾತ್ರ ನನ್ನದಿದೆ. ಆ ಸಿಮ್ ಕಾರ್ಡನ್ನು ಇವತ್ತು ಅವಳ ಫೋನಿಗೆ ಹಾಕಿಕೊಟ್ಟೆ. ರಾಯಚೂರಿನ ಅಕ್ಕನವರ ಮಾತಿನಿಂದ ನನಗೆ ನೋವಾಗಲಿಲ್ಲ, ಆದರೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಇದರ ಕೆಳಗಿನದನ್ನು ತಂಗಿಯೇ ಬರೆದಿದ್ದಾಳೆ.

ನಮಸ್ಕಾರ. ಅಣ್ಣ ಎಂಜಿನಿಯರಿಂಗ್ ಎಂದುಕೊಂಡಿದ್ದಾನೆ. ನನಗೆ ಬಿ.ಎಸ್ಸಿ. ಕೃಷಿ ಓದಬೇಕೆಂದಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ರಾಯಚೂರು ಕಾಲೇಜು ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಭೀಮರಾಯನಗುಡಿ ಅಥವಾ ಕಲಬುರಗಿಯಾದರೂ ಆಗಬಹುದು. ನಮ್ಮ ಗದ್ದೆಯಲ್ಲಿ ಪ್ರತಿ ವರ್ಷ ಚೌಳು ಏರುತ್ತಿದೆ. ಏಕೆ ಏರುತ್ತದೆ, ಹೇಗೆ ತಡೆಯಬೇಕು ಎಂಬುದನ್ನು ಓದಿ ತಿಳಿಯಬೇಕೆಂಬುದು ನನ್ನ ಆಸೆ. ಕೃಷಿಕರ ಕೋಟಾಕ್ಕೂ ಅರ್ಜಿ ಹಾಕಿದ್ದೇನೆ. ಅದರ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸಲು ಹೇಳುತ್ತಾರೆಂದು ಕೇಳಿದ್ದೇನೆ. ಭತ್ತದ ವಿಷಯ ಗೊತ್ತು, ಆದರೆ ನಮ್ಮಲ್ಲಿ ಬೆಳೆಯದ ಬೆಳೆಗಳ ಬೀಜಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿಲ್ಲ. ಅಲ್ಲಿ ಈಗ ಮೊದಲ ಅಥವಾ ಎರಡನೆಯ ವರ್ಷದಲ್ಲಿ ಓದುತ್ತಿರುವ ಅಕ್ಕಂದಿರು ಯಾರಾದರೂ ಇಲ್ಲಿ ಇದ್ದೀರಾ? ಆ ಪರೀಕ್ಷೆಗೆ ನೀವು ಬೀಜಗಳನ್ನು ಎಲ್ಲಿ ನೋಡಿ ಕಲಿತಿರಿ, ಮೊದಲ ವರ್ಷದವರಿಗೆ ಹಾಸ್ಟೆಲ್ ಸಿಗುತ್ತದೆಯೇ, ಕನ್ನಡ ಮಾಧ್ಯಮದಿಂದ ಬಂದವರು ನಿಮ್ಮ ತರಗತಿಯಲ್ಲಿ ಎಷ್ಟು ಜನ ಇದ್ದೀರಿ?